ಮನೆಗೆ ಕಂದು ಬೆಲ್ಲ, ಮಾರೋಕೆ ಹಳದಿ ಬೆಲ್ಲ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ವಿಷಯ: ಹಳದಿ ಬಣ್ಣ ಬರಿಸುವ ರಾಸಾಯನಿಕ ಪುಡಿ ಹಾಕದ ಸಾವಯವ ಬೆಲ್ಲಕ್ಕೆ ಪರೀಕ್ಷೆ, ಜಾಗ ಮತ್ತು ಬೆಲೆ ಕೋರಿ.

ಮಾನ್ಯರೇ,

ನಾನು ಮದ್ದೂರು ತಾಲ್ಲೂಕಿನ ರೈತ. ನಾಲೆ ಬಯಲಿನಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನಿದೆ. ಒಂದೂಕಾಲು ಎಕರೆಗೆ ಕಬ್ಬು. ಉಳಿದದ್ದಕ್ಕೆ ಭತ್ತ, ಆಮೇಲೆ ರಾಗಿಯೋ ಅಲಸಂದೆಯೋ, ನೀರು ಬಿಟ್ಟ ಹಾಗೆ. ಆರು ವರ್ಷದಿಂದ ಈ ಜಮೀನಿಗೆ ಯೂರಿಯಾ ಹಾಕಿಲ್ಲ, ಔಷಧಿ ಹೊಡೆದಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ಹೇಳುವ ದೂರಿಗೆ ಇಷ್ಟು ಪರಿಚಯ ಬೇಕು, ಅದಕ್ಕೆ.

ಕಳೆದ ಸಂಕ್ರಾಂತಿಗೆ ಹತ್ತು ದಿನ ಮುಂಚೆ ಆರು ಕ್ವಿಂಟಾಲ್ ಅಚ್ಚು ಬೆಲ್ಲ ಗಾಡಿಗೆ ಹಾಕಿಕೊಂಡು ಒಂದು ಮಂಡಿಗೆ ಹೋದೆ. ಹಬ್ಬದ ಹೊತ್ತು, ಬೆಲ್ಲಕ್ಕೆ ಬೇಡಿಕೆ ಇರುತ್ತೆ ಅಂತ ಲೆಕ್ಕ ಹಾಕಿದ್ದೆ. ವ್ಯಾಪಾರಿ ಒಂದು ಅಚ್ಚು ಎತ್ತಿಕೊಂಡರು. ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳಲ್ಲಿ ಒತ್ತಿ ಮುರಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಬಣ್ಣ ಇಲ್ವಲ್ಲಣ್ಣ" ಅಂದರು.

"ಪುಡಿ ಹಾಕಿಲ್ಲ. ಒಂದು ಚೂರು ತಿಂದು ನೋಡಿ" ಅಂದೆ.

"ರುಚಿ ಯಾರು ಕೇಳ್ತಾರೆ ಬಿಡಣ್ಣ. ಮಾಲು ಕಣ್ಣಿಗೆ ಹೊಡೀಬೇಕು."

ಪಕ್ಕದಲ್ಲಿ ಸುರಿದಿದ್ದ ಹಳದಿ ಬೆಲ್ಲಕ್ಕಿಂತ ಕ್ವಿಂಟಾಲಿಗೆ 400 ರೂಪಾಯಿ ಕಡಿಮೆ ಹಾಕಿದರು. ವಾಪಸ್ ತರೋಕೆ ಗಾಡಿ ಬಾಡಿಗೆ ಯಾರು ಕೊಡ್ತಾರೆ? ಕೊಟ್ಟುಬಂದೆ. ಆ ವ್ಯಾಪಾರಿ ಕೆಟ್ಟವರಲ್ಲ. ಟೀ ತರಿಸಿಕೊಟ್ಟರು, ಚೀಟಿ ಬರೆದು ದುಡ್ಡು ಸರಿಯಾಗಿ ಎಣಿಸಿದರು. ನಾನು ಎದ್ದು ಹೊರಟಾಗ ದನಿ ತಗ್ಗಿಸಿ ಹೇಳಿದರು: "ನಮ್ಮನೆಗೆ ಅಂತ ಒಂದು ಹತ್ತು ಅಚ್ಚು ಬೇರೆ ಎತ್ತಿಟ್ಟೋಗಿ. ಮೊಮ್ಮಗು ಅದೆ ಮನೇಲಿ."

ಈ ಪತ್ರ ಬರೆಯಲು ಆ ಮಾತೇ ಕಾರಣ.

ಅವರೊಬ್ಬರ ವಿಷಯ ಅಲ್ಲ ಇದು. ನಮ್ಮ ಕಡೆ ಯಾವ ಆಲೆಮನೆಗಾದರೂ ಹೋಗಿ ನೋಡಿ. ಗಾಣದ ಹತ್ತಿರ ಕಬ್ಬಿನ ಹಾಲು ಇಳಿಯುತ್ತಿರುತ್ತೆ. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿರುತ್ತೆ. ಒಲೆ ಬಾಯಿಗೆ ಒಬ್ಬ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ತಳ್ಳುತ್ತಾ ಇರುತ್ತಾನೆ. ಬೆಲ್ಲ ಬೇಯಿಸುವವರು ಈಗ ಬಹಳ ಕಡೆ ಉತ್ತರ ಪ್ರದೇಶದಿಂದ ಬಂದವರು, ಒಳ್ಳೆ ಕೆಲಸಗಾರರು. ಅವರ ಹಿಂದೆ ಗೋಡೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಾಣುತ್ತೆ, ಅದರೊಳಗೆ ಬಿಳಿ ಪುಡಿ. ಅದೇ ಹೈಡ್ರೋಸ್, ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆ ಬಣ್ಣದ ಕಾರ್ಖಾನೆಗಳಲ್ಲಿ ಬಣ್ಣ ಕೀಳೋಕೆ ಬಳಸುವ ವಸ್ತು. ಪಾಕಕ್ಕೆ ಇದನ್ನು ಎರಚಿದರೆ ನೋಡ್ತಾ ನೋಡ್ತಾ ಕಂದು ಹೋಗಿ ಹಳದಿ ಬರುತ್ತೆ. ಮೂಗಿಗೆ ಬೆಂಕಿಕಡ್ಡಿ ಗೀರಿದ ಹಾಗೆ ಗಂಧಕದ ವಾಸನೆ ಹೊಡೆಯುತ್ತೆ. ಆಮೇಲೆ ಆರಿಹೋಗುತ್ತೆ.

ಅದೇ ಆಲೆಮನೆಯವರು ವರ್ಷಕ್ಕೆ ಒಂದು ಕೊಪ್ಪರಿಗೆ "ಮನೆ ಬೆಲ್ಲ" ಅಂತ ಇಳಿಸುತ್ತಾರೆ. ಅವತ್ತು ಆ ಚೀಲ ಬಿಚ್ಚುವುದಿಲ್ಲ. ಬೆಂಡೆ ಗಿಡದ ಕಾಂಡ ಜಜ್ಜಿ, ನೀರಲ್ಲಿ ನೆನೆಹಾಕಿ, ಆ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ. ಒಂದಿಷ್ಟು ಸುಣ್ಣದ ತಿಳಿ. ಅಷ್ಟೇ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತೆ. ಅದನ್ನು ಮಗಳ ಮನೆಗೆ, ನೆಂಟರ ಮನೆಗೆ ಕಳಿಸುತ್ತಾರೆ. ತರಕಾರಿ ಬೆಳೆಯೋರ ಹತ್ತಿರವೂ ಇದೇ ಕಥೆ. ಬದನೆ ಹೊಲದ ಬದುವಿನಲ್ಲಿ ನಾಲ್ಕು ಸಾಲು ಬೇರೆ ಇರುತ್ತೆ. ಕೇಳಿದರೆ "ಅದು ಮನೆಗೆ, ಅದಕ್ಕೆ ಹೊಡೆಯಲ್ಲ" ಅನ್ನುತ್ತಾರೆ. ನಾನೂ ಹೀಗೆ ಮಾಡುತ್ತಿದ್ದವನೇ. ಹಾಗಾಗಿ ಯಾರನ್ನೂ ಬೈಯೋ ಯೋಗ್ಯತೆ ನನಗಿಲ್ಲ.

ಸಾವಯವ ಆಹಾರ ಒಳ್ಳೆಯದೋ ಅಲ್ಲವೋ ಅಂತ ಪಟ್ಟಣದಲ್ಲಿ ದೊಡ್ಡ ಚರ್ಚೆ ಮಾಡುತ್ತಾರೆ. ಬೆಳೆಯುವವನು, ಮಾರುವವನು ಇಬ್ಬರೂ ತಮ್ಮ ಮನೆಗೆ ಏನು ಇಟ್ಟುಕೊಳ್ಳುತ್ತಾರೆ ಅಂತ ನೋಡಿದರೆ ಅವರಿಬ್ಬರ ಉತ್ತರವಾದರೂ ಗೊತ್ತಾಗುತ್ತೆ, ಅಲ್ವಾ?

ಹಾಗಂತ ಉತ್ಪ್ರೇಕ್ಷೆ ಮಾಡುವುದಿಲ್ಲ. ಸಾವಯವ ತಿಂದರೆ ಕ್ಯಾನ್ಸರ್ ವಾಸಿ, ಸಾವಯವ ಬೆಲ್ಲಕ್ಕೆ ಶುಗರ್ ಬರಲ್ಲ ಅನ್ನುವವರಿದ್ದಾರೆ. ಬರುತ್ತೆ ಸ್ವಾಮಿ. ಯಾವ ಬಣ್ಣದ್ದಾದರೂ ಬೆಲ್ಲ ಬೆಲ್ಲವೇ. ಸಾವಯವಕ್ಕೂ ಮಾಮೂಲಿ ಆಹಾರಕ್ಕೂ ಪೌಷ್ಟಿಕಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹೇಳಿದರು. ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಡಿಮೆ ಅಂತ ಅವರೂ ಒಪ್ಪಿದರು. 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್ ಪತ್ರಿಕೆಯಲ್ಲಿ 343 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ವರದಿ ಬಂತು. ಸಾವಯವ ಬೆಳೆಗಳಲ್ಲಿ ಆಂಟಿ ಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಕಡಿಮೆ, ಮಾಮೂಲಿ ಬೆಳೆಗಳಲ್ಲಿ ಕೀಟನಾಶಕದ ಶೇಷ ಸಿಗುವುದು ನಾಲ್ಕು ಪಟ್ಟು ಹೆಚ್ಚು ಅಂತ ಅದರಲ್ಲಿತ್ತು. ವಿಜ್ಞಾನಿಗಳ ವಾದ ಅವರಿಗಿರಲಿ. ಇಬ್ಬರೂ ಒಪ್ಪುವ ಮಾತು ಒಂದಿದೆ: ಸಾವಯವದಲ್ಲಿ ವಿಷ ಕಡಿಮೆ. ನನಗೆ ಅಷ್ಟು ಸಾಕು. ಬೆಲ್ಲದ ಪುಡಿಯ ವಿಷಯಕ್ಕೆ ಬಂದರೆ, ಅದು ಬೆಲ್ಲದಲ್ಲಿ ಬಿಡುವ ಗಂಧಕದ ಅಂಶ, ಅಂದರೆ ಸಲ್ಫೈಟ್, ಮೈಗೆ ಒಗ್ಗದ ಆಸ್ತಮಾ ರೋಗಿಗಳಿಗೆ ಉಸಿರು ಕಟ್ಟಿಸುತ್ತೆ ಅನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿ.

ಲಾಭ ತಿನ್ನುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಮೊದಲ ಲಾಭ ಆಗಿದ್ದು ನನ್ನ ಮೈಗೆ. ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು ಭತ್ತಕ್ಕೆ ಹೊಡೆದು ಬಂದ ರಾತ್ರಿ ತಲೆ ಸಿಡಿಯುತ್ತಿತ್ತು. ಕೈಗೆ ಎಷ್ಟು ಸೋಪು ಹಾಕಿದರೂ ಅನ್ನ ಕಲಸುವಾಗ ಆ ವಾಸನೆ ಬರುತ್ತಿತ್ತು. ಈಗ ಅದಿಲ್ಲ. ಎರಡನೇ ಲಾಭ ನೆಲಕ್ಕೆ. ಮೊದಲು ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಿದ್ದೆವು. ಈಗ ಕೂಳೆ ಸಾಲುಗಳ ನಡುವೆ ಹಾಗೇ ಮುಚ್ಚಿಗೆ ಬಿಡುತ್ತೇನೆ. ಬೇಸಗೆಯಲ್ಲಿ ಆ ತರಗು ಸರಿಸಿದರೆ ಕೆಳಗೆ ತಣ್ಣಗೆ, ಒದ್ದೆ ಮಣ್ಣು. ಎರೆಹುಳ ಹಿಕ್ಕೆ ಹಾಕಿರುವುದು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತೆ. ನಾಲೆಯಲ್ಲಿ ನೀರು ಹತ್ತು ದಿನ ತಡವಾದರೂ ಕಬ್ಬು ಗರಿ ಸುತ್ತುವುದಿಲ್ಲ.

ನೀರಿನ ವಿಷಯವೂ ಇದೆ. ಹಾಕಿದ ಯೂರಿಯಾ ಎಲ್ಲಾ ಬೆಳೆಗೇ ಹೋಗುವುದಿಲ್ಲ. ಒಂದಷ್ಟು ನೈಟ್ರೇಟ್ ಆಗಿ ಕೆಳಗಿಳಿದು ಬೋರ್‌ವೆಲ್ ಸೇರುತ್ತೆ. ಕುಡಿಯುವ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಇದೆ. ನಾಲೆ ಬಯಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ನೀರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಿದರೆ ಜನಕ್ಕೆ ತಾವಾಗಿಯೇ ಅರ್ಥವಾಗುತ್ತೆ. ನಾನು ಭಾಷಣ ಮಾಡಬೇಕಿಲ್ಲ.

ಇನ್ನೊಂದು ಸಂಗತಿ ಆಲೆಮನೆಯವರಿಗೆಲ್ಲ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಯೂರಿಯಾ ಜಾಸ್ತಿ ತಿಂದ ಕಬ್ಬು ದಪ್ಪಗೆ, ಹಸಿರಾಗಿ, ತೂಕವಾಗಿ ಬರುತ್ತೆ. ಆದರೆ ಹಾಲು ಚೆನ್ನಾಗಿರುವುದಿಲ್ಲ. ಬೆಲ್ಲ ಕಪ್ಪಾಗುತ್ತೆ, ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಮಳೆಗಾಲಕ್ಕೆ ಕರಗಿ ಅಂಟಂಟಾಗುತ್ತೆ. ಅದನ್ನು ಮುಚ್ಚೋಕೆ ಪುಡಿ, ಗಟ್ಟಿ ಮಾಡೋಕೆ ಸಕ್ಕರೆ. ಹೊಲದಲ್ಲಿ ಮಾಡಿದ ತಪ್ಪಿಗೆ ಕೊಪ್ಪರಿಗೆಯಲ್ಲಿ ತೇಪೆ. ಯೂರಿಯಾ ಹಾಕದ ಕಬ್ಬಿನ ಪಾಕವನ್ನು ಒಂದು ಚೂರು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಕೊಪ್ಪರಿಗೆ ಅಂಚಿಗೆ ಹೊಡೆದರೆ ಟಣ್ ಅಂತ ಸದ್ದು ಬರುತ್ತೆ. ಆ ಸದ್ದು ಕೇಳಿದರೆ ಸಾಕು, ಪುಡಿ ಯಾಕೆ ಬೇಕು ಹೇಳಿ.

ಹಾಗಾದರೆ ಎಲ್ಲರೂ ಯಾಕೆ ಬಿಡುತ್ತಿಲ್ಲ ಅಂತ ತಾವು ಕೇಳಬಹುದು. ಲೆಕ್ಕ ಹೇಳುತ್ತೇನೆ. 45 ಕಿಲೋ ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. ಉಳಿದ ಖರ್ಚೆಲ್ಲ ಸರ್ಕಾರ ಹೊರುತ್ತೆ. ನಮ್ಮೂರಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರಕ್ಕೆ 3500 ಕೇಳುತ್ತಾರೆ, ಅದರಲ್ಲಿ ಅರ್ಧ ಮಣ್ಣು. ಜೀವಾಮೃತ ಅನ್ನೋ ದ್ರವ ಗೊಬ್ಬರಕ್ಕೆ ಎಕರೆಗೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, ಇನ್ನೂರು ಲೀಟರ್ ನೀರು. ಕೇಳೋಕೆ ಸುಲಭ. ದಿನಾ ಬೆಳಗ್ಗೆ ಸಂಜೆ ತಿರುವುತ್ತಾ ಕೂರೋಕೆ ಆಳು ಬೇಕು, ಮನೆಯಲ್ಲಿ ಹಸು ಬೇಕು. ನನಗೆ ಎಕರೆಗೆ 42 ಟನ್ ಬರುತ್ತಿದ್ದ ಕಬ್ಬು ಮೊದಲ ವರ್ಷ 28ಕ್ಕೆ ಬಿತ್ತು. ಮನೆಯಾಕೆ ಒಂದು ವಾರ ಮಾತಾಡಲಿಲ್ಲ. ಈಗ 36 ಬರುತ್ತಿದೆ, ಸಾಲ ಕಡಿಮೆ. ಆದರೆ ಆ ಮಧ್ಯದ ಎರಡು ಮೂರು ವರ್ಷ ದಾಟೋದೇ ಕಷ್ಟ. ಕಷ್ಟಪಟ್ಟು ದಾಟಿ ಮಂಡಿಗೆ ಹೋದರೆ "ಬಣ್ಣ ಇಲ್ವಲ್ಲಣ್ಣ".

ಪ್ರಮಾಣಪತ್ರ ಮಾಡಿಸಿಕೋ ಅಂತ ಎಲ್ಲರೂ ಹೇಳುತ್ತಾರೆ. ಮಾಡಿಸಲು ಹೋದೆ. ರಫ್ತಿಗೆ ಬೇಕಾಗುವ ಎನ್‌ಪಿಒಪಿ ಪ್ರಮಾಣಪತ್ರದ ಖರ್ಚು ನನ್ನಂಥವನಿಗೆ ಆಗುವ ಮಾತಲ್ಲ. ಪಿಜಿಎಸ್ ಅಂತ ಇನ್ನೊಂದಿದೆ. ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಾಕ್ಷಿ ಹೇಳುವ ಪದ್ಧತಿ. ಒಳ್ಳೆ ಪದ್ಧತಿ. ನಮ್ಮೂರಲ್ಲಿ ಐದು ಜನ ಸಿಕ್ಕರು ಕೂಡ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಆನ್‌ಲೈನ್‌ನಲ್ಲಿ ತುಂಬಿ ಅಂದರು. ಸೈಬರ್ ಸೆಂಟರ್ ಹುಡುಗ ಇಂಗ್ಲಿಷ್ ನಮೂನೆ ನೋಡಿ "ಅಂಕಲ್, ಇದು ಏನು ಕೇಳ್ತಾ ಇದೆ ಅಂತ ನಂಗೂ ಗೊತ್ತಾಗ್ತಿಲ್ಲ" ಅಂದ. ನಾಲ್ಕು ಸಲ ಓಡಾಡಿದೆವು. ಐದನೇ ಸಲಕ್ಕೆ ಕಬ್ಬು ಕಡಿಯೋ ಹೊತ್ತು ಬಂತು, ಗುಂಪು ಚದುರಿತು.

ಇತ್ತ ನಾನು ಹೀಗೆ ಓಡಾಡುತ್ತಿದ್ದರೆ, ಅತ್ತ ಮೈಸೂರಿನ ಒಂದು ಅಂಗಡಿಯಲ್ಲಿ ಏನು ಕಂಡೆ ಗೊತ್ತೇ? ಮಗಳನ್ನು ಕಾಲೇಜಿಗೆ ಬಿಡಲು ಹೋಗಿದ್ದೆ. ಹಸಿರು ಬೋರ್ಡು, ಒಳಗೆ ಎ.ಸಿ., ಕಪಾಟಿನಲ್ಲಿ ಬುಟ್ಟಿ. ಬುಟ್ಟಿ ತುಂಬಾ ನಿಂಬೆ ಹಣ್ಣಿನ ಬಣ್ಣದ ಬೆಲ್ಲ. ಮೇಲೆ ಚೀಟಿ: "ಮಂಡ್ಯದ ಅಪ್ಪಟ ಸಾವಯವ ಬೆಲ್ಲ". ಬೆಲೆ ನನಗೆ ಮಂಡಿಯಲ್ಲಿ ಸಿಕ್ಕಿದ್ದರ ಎರಡೂವರೆ ಪಟ್ಟು. ಸಾವಯವಕ್ಕೆ ಸರ್ಕಾರದ ಜೈವಿಕ್ ಭಾರತ್ ಗುರುತೂ ಇಲ್ಲ, ಬೆಳೆದವರ ಹೆಸರೂ ಇಲ್ಲ. ಎಲ್ಲಿಂದ ಬಂತಮ್ಮ ಅಂತ ಕೌಂಟರಿನ ಹುಡುಗಿಯನ್ನು ಕೇಳಿದೆ. "ಸಪ್ಲೈಯರ್ ಕೊಡ್ತಾರೆ ಸರ್" ಅಂದಳು. ಪಾಪ, ಅವಳಿಗೇನು ಗೊತ್ತು.

ಸಾವಯವ ಅಂತ ಚೀಟಿ ಅಂಟಿಸಿ ಮಾರಲು ಪ್ರಮಾಣಪತ್ರ ಬೇಕು ಅನ್ನುವ ನಿಯಮ 2017ರಲ್ಲೇ ಆಗಿದೆ, 2018ರ ಜುಲೈಯಿಂದ ಜಾರಿಯಲ್ಲೂ ಇದೆ. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ರೈತ ತಾನೇ ನೇರವಾಗಿ ಗ್ರಾಹಕರಿಗೆ ಮಾರಿದರೆ ಮಾತ್ರ ವಿನಾಯಿತಿ. ಪುಡಿಯಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಅನ್ನುವ ಮಿತಿಯೂ ಇದೆ. ನಿಯಮಕ್ಕೇನೂ ಬರ ಇಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಹೇಳಿದ ಕೂಡಲೇ ತಳ್ಳುಗಾಡಿಯವರೆಲ್ಲ ಕೆಂಪು ಡಬ್ಬ ಬಚ್ಚಿಟ್ಟರು. ತಳ್ಳುಗಾಡಿಗೆ ಆಗುವ ತಪಾಸಣೆ ಬೆಲ್ಲಕ್ಕೆ ಯಾಕೆ ಆಗಬಾರದು? ಗೋಬಿ ವಾರಕ್ಕೊಮ್ಮೆ ತಿನ್ನುತ್ತಾರೆ. ಬೆಲ್ಲ ಮಕ್ಕಳ ಬಾಯಿಗೆ ದಿನಾ ಹೋಗುತ್ತೆ.

ಹಾಗಾಗಿ ತಮ್ಮಲ್ಲಿ ಕೆಲವು ಬೇಡಿಕೆಗಳು. ದುಡ್ಡು ಕೇಳುತ್ತಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಬೇಕು.

ಮೊದಲನೆಯದು ಪರೀಕ್ಷೆ. ಜಿಲ್ಲೆಯ ಬೆಲ್ಲದ ಮಾರುಕಟ್ಟೆಗಳಿಗೆ ಬರುವ ಮಾಲಿನಲ್ಲಿ ದಿನಕ್ಕೆ ಇಷ್ಟು ಅಂತ ಮಾದರಿ ತೆಗೆದು ಗಂಧಕದ ಅಂಶ ನೋಡುವ ವ್ಯವಸ್ಥೆ ಆಗಲಿ. ಫಲಿತಾಂಶ ಸಂಜೆಯೊಳಗೆ ಬೋರ್ಡಿನ ಮೇಲೆ ಬರಲಿ. ನಮಗೆ ತಿಳಿವಳಿಕೆ ಇರುವವರ ಕೊರತೆ ಇಲ್ಲ. ಆಹಾರದ ಸಂಶೋಧನೆಗೆ ದೇಶಕ್ಕೇ ಹೆಸರಾದ ಸಿಎಫ್‌ಟಿಆರ್‌ಐ 1950ರಿಂದ ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿದೆ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಕಬ್ಬಿನ ವಿಷಯ ಬಲ್ಲ ವಿಜ್ಞಾನಿಗಳು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ಇದ್ದಾರೆ. ಇವರನ್ನು ಮಾರುಕಟ್ಟೆಯ ಅಂಗಳಕ್ಕೆ ಕರೆತರುವ ಕೆಲಸ ತಮ್ಮಿಂದ ಮಾತ್ರ ಆಗುತ್ತೆ. ಮೊದಲ ವರ್ಷ ದಂಡ ಬೇಡ. ದಂಡ ಅಂದ ಕೂಡಲೇ ಆಲೆಮನೆಯವರು ರಾತ್ರಿ ಹೊತ್ತು ಬೇಯಿಸೋಕೆ ಶುರು ಮಾಡುತ್ತಾರೆ, ನನಗೆ ಗೊತ್ತು. ಸುಮ್ನೆ ಬೋರ್ಡಿನಲ್ಲಿ ಬರೆಯಿರಿ, ಕೊಳ್ಳುವವರು ಓದಿಕೊಳ್ಳುತ್ತಾರೆ.

ಪರೀಕ್ಷೆಯಲ್ಲಿ ಪುಡಿ ಇಲ್ಲ ಅಂತ ಗೊತ್ತಾದ ಬೆಲ್ಲಕ್ಕೆ ಹರಾಜಿನಲ್ಲಿ ಬೇರೆ ಕಟ್ಟೆ ಕೊಡಿಸಿ. ಅಚ್ಚು, ಬಕೆಟ್, ಕುರಿಕಾಟು ಅಂತ ಆಕಾರ ನೋಡಿ ಬೇರೆ ಬೇರೆ ಧಾರಣೆ ಇದೆ. ಒಳಗೆ ಏನಿದೆ ಅನ್ನುವುದಕ್ಕೆ ಧಾರಣೆ ಇಲ್ಲ. ಹಳದಿ ರಾಶಿಯ ಪಕ್ಕ ನಮ್ಮ ಕಂದು ರಾಶಿ ಸುರಿದರೆ ಅದು ಹಳಸಿದ್ದೇನೋ ಅನ್ನೋ ಹಾಗೆ ಕಾಣುತ್ತೆ. ಬೇರೆ ಕಡೆ ಸುರಿದರೆ ಅದಕ್ಕೆ ಅದರದೇ ಗಿರಾಕಿ ಬರುತ್ತಾರೆ.

ಕೇಂದ್ರದ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಕಿರು ಆಹಾರ ಘಟಕ ಹಾಕುವವರಿಗೆ ಖರ್ಚಿನ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಕೇಂದ್ರ ಸಹಾಯಧನ ಕೊಡುತ್ತಾ ಬಂದಿದೆ. ಈ ದುಡ್ಡು ತೆಗೆದುಕೊಂಡ ಆಲೆಮನೆಗೆ ಪುಡಿ ಬಳಸಬಾರದು ಅನ್ನುವ ಒಂದೇ ಒಂದು ಷರತ್ತು ಹಾಕಿಸಿ. ಜಿಲ್ಲೆಯ ಹೆಸರು ಹಾಕಿಕೊಂಡು ಮಾರುವಾಗ ಅಷ್ಟಾದರೂ ಇರಬೇಡವೇ?

ಆಮೇಲೆ ಹಾಸ್ಟೆಲ್, ಅಂಗನವಾಡಿ, ಶಾಲೆ. ಇವುಗಳಿಗೆ ಜಿಲ್ಲೆಯೊಳಗೆ ಎಷ್ಟು ಬೆಲ್ಲ, ಎಷ್ಟು ರಾಗಿ ಕೊಳ್ಳುತ್ತಾರೋ ಅದರಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಸಾವಯವ ಗುಂಪುಗಳಿಂದ ನೇರವಾಗಿ ಕೊಳ್ಳುವಂತೆ ಆಗಲಿ. ರಾಗಿಯಿಂದ ಶುರು ಮಾಡಬಹುದು, ಅದಕ್ಕೆ ಮೊದಲೇ ಔಷಧಿ ಹೊಡೆಯೋದು ಕಡಿಮೆ. ದೇಸಿ ಅಕ್ಕಿಯನ್ನೂ ಸೇರಿಸಬಹುದು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿ ಉಳಿಸಿಕೊಂಡಿದ್ದಾರೆ. ಬೀಜಕ್ಕೆ ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ. ರಾಜಮುಡಿ ಅನ್ನ ಉಂಡ ಮಗು ಅದನ್ನು ಮರೆಯುವುದಿಲ್ಲ.

ಪಿಜಿಎಸ್ ನಮೂನೆ ಕನ್ನಡದಲ್ಲಿ ಬೇಕು. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ತಿಂಗಳಿಗೆ ಒಂದು ದಿನ ಗೊತ್ತುಮಾಡಿ, ಆ ದಿನ ಒಬ್ಬರು ಕೂತು ನಮೂನೆ ತುಂಬಿಕೊಡಲಿ. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಇಷ್ಟು ವರ್ಷದ ಮೇಲೂ ರೈತ ಸೈಬರ್ ಸೆಂಟರ್ ಹುಡುಗನ ಮುಖ ನೋಡಬೇಕು ಅಂದರೆ ನಾಚಿಕೆಯಾಗುತ್ತೆ. ಸುಳ್ಳು ಚೀಟಿ ಹಚ್ಚಿ ಮಾರುವ ಅಂಗಡಿಗಳ ವಿಷಯ ಮೈಸೂರು ಜಿಲ್ಲಾಡಳಿತಕ್ಕೆ ಸೇರಿದ್ದು. ತಾವು ಅಲ್ಲಿಗೊಂದು ಪತ್ರ ಬರೆದರೆ ನಾನು ಬರೆದದ್ದಕ್ಕಿಂತ ಬೇಗ ತಲುಪುತ್ತೆ.

ಮಾನ್ಯರೇ, ಈ ಪತ್ರ ಬಹಿರಂಗ ಆಗಿರುವುದರಿಂದ ಮಧ್ಯೆ ಒಂದು ಮಾತು ಮೈಸೂರು, ಬೆಂಗಳೂರಿನ ಅಕ್ಕಂದಿರಿಗೆ, ಅಣ್ಣಂದಿರಿಗೆ ಹೇಳಿಬಿಡುತ್ತೇನೆ, ತಾವು ಕ್ಷಮಿಸಬೇಕು. ಎಳ್ಳುಬೆಲ್ಲಕ್ಕೆ ಹಳದಿ ಅಚ್ಚೇ ಬೇಕು, ಬಿಳಿ ಕೊಬ್ಬರಿ ಪಕ್ಕ ಅಂದವಾಗಿ ಕಾಣುತ್ತೆ ಅಂತ ನೀವು ಕೇಳುತ್ತೀರಿ. ನೀವು ಕೇಳಿದ್ದನ್ನೇ ಅಂಗಡಿಯವರು ಮಂಡಿಯಲ್ಲಿ ಕೇಳುತ್ತಾರೆ. ಮಂಡಿಯವರು ಆಲೆಮನೆಯಲ್ಲಿ ಕೇಳುತ್ತಾರೆ. ಅಲ್ಲಿ ಆ ಚೀಲ ಬಿಚ್ಚುತ್ತಾರೆ. ಈ ಸಂಕ್ರಾಂತಿಗೆ ಒಂದು ಸಲ ಕಂದು ಬೆಲ್ಲ ಹೆಚ್ಚಿ ಹಂಚಿ. ಹೆಚ್ಚೋಕೆ ಸ್ವಲ್ಪ ಗಟ್ಟಿ, ಕೈ ನೋಯುತ್ತೆ, ಸುಳ್ಳು ಹೇಳಲ್ಲ. ಬೆಲೆ ಐದೋ ಹತ್ತೋ ಜಾಸ್ತಿ ಕೊಡಬೇಕಾದರೆ ಬೆಳೆದವರ ಹೆಸರು, ಊರು ಕೇಳಿ ಕೊಡಿ.

ಈ ಪತ್ರದ ಜೊತೆ ಎರಡು ಪೊಟ್ಟಣ ಕಳಿಸುತ್ತಿದ್ದೇನೆ. "ಅ" ಅಂತ ಬರೆದದ್ದು ನನ್ನ ಬೆಲ್ಲ. "ಆ" ಅಂತ ಬರೆದದ್ದನ್ನು ಸಂತೆಯಲ್ಲಿ ಕೊಂಡೆ, ಚಿನ್ನದ ಹಾಗೆ ಹೊಳೆಯುತ್ತಿದೆ. ಯಾವುದನ್ನೂ ತಿನ್ನಿ ಅನ್ನುವುದಿಲ್ಲ. ಎರಡನ್ನೂ ಮುಚ್ಚಳ ಇರುವ ಬೇರೆ ಬೇರೆ ಗಾಜಿನ ಡಬ್ಬಿಯಲ್ಲಿ ಹಾಕಿ ತಮ್ಮ ಮೇಜಿನ ಮೇಲಿಡಿ. ಪುಡಿ ಕೊಟ್ಟ ಬಣ್ಣ ನಿಲ್ಲುವುದಿಲ್ಲ. ಕೆಲವು ವಾರ ಕಳೆದರೆ ಹಳದಿ ತಾನಾಗಿಯೇ ಮಂಕಾಗಿ ಕಪ್ಪಿಗೆ ತಿರುಗುತ್ತೆ. ಆವತ್ತು ಬಂದು ಕೂತವರಿಗೆ ಎರಡೂ ಡಬ್ಬಿ ತೋರಿಸಿ, ಯಾವುದಕ್ಕೆ 400 ರೂಪಾಯಿ ಜಾಸ್ತಿ ಸಿಕ್ಕಿತ್ತು ಅಂತ ಕೇಳಿ.

ನಮ್ಮ ಊರ ಆಲೆಮನೆ ದೀಪಾವಳಿ ಕಳೆದು ಶುರುವಾಗುತ್ತೆ. ಪುಡಿ ಹಾಕದ ಕೊಪ್ಪರಿಗೆ ಇಳಿಸುವ ದಿನ ತಿಳಿಸುತ್ತೇನೆ. ತಾವು ಬರಬೇಕು. ಮೊದಲೇ ಹೇಳಿದರೆ ರಸ್ತೆಗೆ ನೀರು ಹಾಕಿ, ಚೀಲ ಬಚ್ಚಿಟ್ಟಿರುತ್ತಾರೆ. ಹೇಳದೆ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ